ಮಾಲ್ವರ್ನ್‌ನ ಮಾರ್ಗನ್: ಒಂದು ಮನೆತನ, ಮೂರು ತಲೆಮಾರು, ಒಂದು ಕಾರು

ಭಾಗ 1

ಹೋದ ಸರಣಿ ರೈಲಿನ ಮೇಲಾಯ್ತು, ಈ ಸಲ ಕಾರು. ಕಾರಿನ ಹೆಸರಲ್ಲಿ ನಿಜಕ್ಕೂ ಹೇಳೋಕೆ ಹೊರಟಿರೋದು ಒಂದು ಮನೆತನದ ಕಥೆ.

ಮೊದಲನೇ ಫೋಟೋ ನೋಡಿ. ಉದ್ದನೆಯ ಬಾನೆಟ್ಟು, ಅದರ ಮೇಲೆ ಚರ್ಮದ ಬೆಲ್ಟು, ಅಲೆಯ ಹಾಗೆ ಇಳಿಯೋ ಮಡ್‌ಗಾರ್ಡು, ಮುಂದೆ ಎರಡು ದುಂಡು ಲೈಟು. ಕ್ಲಾಸಲ್ಲಿ ಇದನ್ನ ತೋರಿಸಿದಾಗ ಎಲ್ಲರೂ 1940ರದ್ದು, 1950ರದ್ದು ಅಂದ್ರು. ಈ ಕಾರು ತಯಾರಾಗಿದ್ದು 2019ರಲ್ಲಿ. ಅದರ ಅಡಿಯ ಉಕ್ಕಿನ ಚಾಸಿಯ ಮೂಲ ನಕ್ಷೆ ಮಾತ್ರ 1936ರದ್ದು. ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಬುನಾದಿ, ಮೇಲೆ ಅದೇ ಮುಖ. ಪ್ರಪಂಚದ ಬೇರೆ ಕಾರು ಕಂಪನಿಗಳೆಲ್ಲ ನಾಲ್ಕೈದು ವರ್ಷಕ್ಕೊಂದು ಹೊಸ ಮಾಡೆಲ್ ಬಿಡೋ ಕಾಲದಲ್ಲಿ ಇವರು ಯಾಕೆ ಬದಲಾಗ್ಲಿಲ್ಲ? ಬದಲಾಗದೇ ಹೇಗೆ ಬದುಕಿದ್ರು?

ಕಂಪನಿ ಹೆಸರು ಮಾರ್ಗನ್. ಊರು ಇಂಗ್ಲೆಂಡಿನ ವೂಸ್ಟರ್‌ಶೈರ್‌ನ ಮಾಲ್ವರ್ನ್. ಬೆಟ್ಟದ ಸಾಲಿನ ಬುಡದಲ್ಲಿರೋ, ಚಿಲುಮೆ ನೀರಿಗೆ ಹೆಸರಾದ ಸಣ್ಣ ಊರು. 1909ರಲ್ಲಿ ಮೊದಲ ಗಾಡಿ ಮಾಡಿದವನಿಂದ ಹಿಡಿದು 2013ರವರೆಗೆ ಮನೆಯವರೇ ನಡೆಸಿದ ಕಂಪನಿ. ಅಪ್ಪ, ಮಗ, ಮೊಮ್ಮಗ.

ಭಾಗ 2

ಹೆನ್ರಿ ಫ್ರೆಡ್ರಿಕ್ ಸ್ಟ್ಯಾನ್ಲಿ ಮಾರ್ಗನ್. ಹುಟ್ಟಿದ್ದು 1881ರಲ್ಲಿ, ಹೆರೆಫರ್ಡ್‌ಶೈರ್‌ನ ಹಳ್ಳಿಯಲ್ಲಿ. ಎಲ್ಲರೂ ಕರೆಯೋದು ಎಚ್.ಎಫ್.ಎಸ್. ಅಂತ, ನಾವೂ ಹಾಗೇ ಕರೆಯೋಣ. ಅಪ್ಪ ಚರ್ಚಿನ ಪಾದ್ರಿ. ಅಜ್ಜನೂ ಅದೇ ವೃತ್ತಿ. ಅಂಥ ಮನೆಯ ಹುಡುಗ ಏನಾಗಬೇಕು ಅಂತ ಊರವರಿಗೆ ಮೊದಲೇ ಗೊತ್ತಿರುತ್ತೆ. ಆದ್ರೆ ಇವನಿಗೆ ಬೇಕಿದ್ದದ್ದು ಯಂತ್ರ. ಅಪ್ಪ ಬೈಲಿಲ್ಲ, ತಡೀಲಿಲ್ಲ. ಮಗನನ್ನ ಎಂಜಿನಿಯರಿಂಗ್ ಓದೋಕೆ ಕಳಿಸಿದ್ರು, ಆಮೇಲೆ ಸ್ವಿಂಡನ್‌ನಲ್ಲಿದ್ದ ಗ್ರೇಟ್ ವೆಸ್ಟರ್ನ್ ರೈಲ್ವೆ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿಸಿದ್ರು.

ಆ ಅಪ್ಪನ ತಾಳ್ಮೆಗೆ ಒಂದು ಉದಾಹರಣೆ. ಹುಡುಗನಿಗೆ ಹದಿನೆಂಟರ ಹತ್ತಿರ ಇದ್ದಾಗ ಒಂದು ಬೆಂಜ್ ಗಾಡಿ ಬಾಡಿಗೆಗೆ ತಗೊಂಡು ಹೊರಟ. ಬ್ರೊಮ್ಯಾರ್ಡ್‌ನಿಂದ ಹೆರೆಫರ್ಡ್ ಕಡೆ ಹೋಗೋ ದಾರೀಲಿ ಕಡಿದಾದ ಇಳಿಜಾರು. ಬ್ರೇಕ್ ಕೈಕೊಟ್ಟಿತು, ಗಾಡಿ ತನ್ನ ಪಾಡಿಗೆ ತಾನು ಓಡ್ತು. ಹುಡುಗ ಉಳಿದ, ರಿಪೇರಿ ಬಿಲ್ಲು ಬಂತು: 28 ಪೌಂಡ್. ಆಗಿನ ಕಾಲಕ್ಕೆ ಅದು ಒಬ್ಬ ಕೂಲಿಯವನ ಎಷ್ಟೋ ತಿಂಗಳ ದುಡಿಮೆ. ಬಿಲ್ಲು ಕಟ್ಟಿದ್ದು ಮನೆಯವರು. ಬೇರೆ ಮನೆಯಾಗಿದ್ರೆ ಕಾರಿನ ಕಥೆ ಅಲ್ಲಿಗೇ ಮುಗೀತಿತ್ತು ಅನ್ನಿಸುತ್ತೆ. ಇಲ್ಲಿ ಮಾತ್ರ ಹುಡುಗನ ಹುಚ್ಚು ಇಳೀಲಿಲ್ಲ, ಅಪ್ಪನ ನಂಬಿಕೆಯೂ ಇಳೀಲಿಲ್ಲ.

ರೈಲ್ವೆ ಕೆಲಸ ಬಿಟ್ಟು ಎಚ್.ಎಫ್.ಎಸ್. ಮಾಲ್ವರ್ನ್ ಲಿಂಕ್‌ನಲ್ಲಿ ಒಂದು ಗ್ಯಾರೇಜ್ ತೆರೆದ. ಬೇರೆ ಕಂಪನಿಗಳ ಕಾರು ಮಾರೋದು, ರಿಪೇರಿ ಮಾಡೋದು, ಜೊತೆಗೆ ಒಂದು ಸಣ್ಣ ಬಸ್ ಸರ್ವಿಸ್. ಹೊಟ್ಟೆಪಾಡಿಗೆ ಅದು. ಮನಸ್ಸು ಇದ್ದದ್ದು ಬೇರೆ ಕಡೆ. 7 ಕುದುರೆ ಶಕ್ತಿಯ ಒಂದು ಪ್ಯೂಜೋ ಎಂಜಿನ್ ತಂದಿದ್ದ, ಬೈಕ್ ಮಾಡೋಣ ಅಂತ. ಆಮೇಲೆ ಮನಸ್ಸು ಬದಲಾಯ್ತು. ಬೈಕ್ ಬೇಡ, ಮೂರು ಚಕ್ರದ ಗಾಡಿ ಮಾಡೋಣ. ಮಾಲ್ವರ್ನ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಕಲಿಸ್ತಿದ್ದ ಸ್ಟೀಫನ್‌ಸನ್ ಪೀಚ್ ಅನ್ನೋ ಮೇಷ್ಟ್ರು ತಮ್ಮ ವರ್ಕ್‌ಶಾಪ್ ಬಿಟ್ಟುಕೊಟ್ಟು ನೆರವಾದ್ರು. 1909ರಲ್ಲಿ ಗಾಡಿ ರೆಡಿ.

ಭಾಗ 3

ಮೂರು ಚಕ್ರ ಅಂದ ತಕ್ಷಣ ನಮಗೆ ಕಣ್ಣಿಗೆ ಬರೋದು ಆಟೋ. ಇದು ಅದರ ಉಲ್ಟಾ. ಎರಡು ಚಕ್ರ ಮುಂದೆ, ಒಂದು ಹಿಂದೆ. ಆಟೋ ತಿರುವಿನಲ್ಲಿ ಯಾಕೆ ಓಲಾಡುತ್ತೆ ಅಂತ ಗೊತ್ತಲ್ಲ, ತಿರುಗೋ ಕಡೆ ಅಗಲ ಇಲ್ಲ. ಇಲ್ಲಿ ಅಗಲ ಮುಂದೇನೇ ಇದೆ, ಎಂಜಿನ್ ತೂಕವೂ ಮುಂದೆ. ಹಾಗಾಗಿ ನೆಲಕ್ಕೆ ಅಂಟಿಕೊಂಡ ಹಾಗೆ ತಿರುಗುತ್ತೆ.

ಇನ್ನೊಂದು ಜಾಣತನ ಮುಂದಿನ ಚಕ್ರಗಳಲ್ಲಿ. ಪ್ರತಿ ಚಕ್ರಕ್ಕೂ ಒಂದು ನೆಟ್ಟಗಿನ ಕಂಬಿ. ಚಕ್ರ ಹಿಡಿದಿರೋ ಭಾಗ ಆ ಕಂಬಿ ಮೇಲೆ ಮೇಲಕ್ಕೂ ಕೆಳಕ್ಕೂ ಜಾರುತ್ತೆ, ಸುತ್ತ ಸ್ಪ್ರಿಂಗು. ಎಡಗಡೆ ಗುಂಡಿಗೆ ಬಿದ್ರೆ ಎಡಚಕ್ರ ಮಾತ್ರ ಇಳಿಯುತ್ತೆ, ಬಲಚಕ್ರಕ್ಕೆ ಸುದ್ದಿಯೇ ಇಲ್ಲ. ಆ ಕಾಲದಲ್ಲಿ ಹೆಚ್ಚಿನ ಕಾರುಗಳಿಗೆ ಎರಡೂ ಚಕ್ರಕ್ಕೆ ಸೇರಿ ಒಂದೇ ಆ್ಯಕ್ಸಲ್ ಇರ್ತಿತ್ತು. ಈ ಜಾರುಗಂಬಿಯನ್ನ ಮಾರ್ಗನ್ ಮನೆಯವರು ನೂರು ವರ್ಷ ಬಿಡಲಿಲ್ಲ. ಸುಧಾರಿಸ್ತಾ ಬಂದ್ರು, ಕೈಬಿಡಲಿಲ್ಲ.

ಗೇರು ಎರಡೇ. ಎರಡು ಚೈನು, ಒಂದೊಂದು ಚೈನಿಗೆ ಒಂದೊಂದು ವೇಗ. ರಿವರ್ಸ್ ಇಲ್ಲವೇ ಇಲ್ಲ. ಹಿಂದಕ್ಕೆ ಹೋಗಬೇಕಾ? ಇಳಿದು ತಳ್ಳಿ. ಗಾಡಿ ಅಷ್ಟು ಹಗುರ. ರಿವರ್ಸ್ ಗೇರ್ ಬಂದಿದ್ದು 1930ರ ದಶಕ ಶುರುವಾದ ಮೇಲೆ.

1910ರ ನವೆಂಬರ್, ಲಂಡನ್ನಿನ ಒಲಿಂಪಿಯಾ ಪ್ರದರ್ಶನ. ಗಾಡಿಯನ್ನ ಎಲ್ಲರೂ ಮೆಚ್ಚಿದ್ರು, ಕೊಂಡವರು ಕಡಿಮೆ. ಸುಮಾರು ಮೂವತ್ತು ಆರ್ಡರ್. ಕಾರಣ ಸರಳ, ಒಬ್ಬರೇ ಕೂರಬಹುದಿತ್ತು. ದುಡ್ಡು ಕೊಟ್ಟು ಗಾಡಿ ತಗೊಳ್ಳೋನಿಗೆ ಹೆಂಡತೀನೋ ಗೆಳತೀನೋ ಪಕ್ಕದಲ್ಲಿ ಬೇಡ್ವಾ? ಮುಂದಿನ ವರ್ಷ ಎರಡು ಸೀಟಿನ ಗಾಡಿ ತಂದ. ಲಂಡನ್ನಿನ ಹ್ಯಾರಡ್ಸ್ ಅಂಗಡಿಯವರು ಅದನ್ನ ತಮ್ಮ ಗಾಜಿನ ಕಿಟಕಿಯಲ್ಲಿಟ್ಟು ಮಾರಿದ್ರು, ಬೆಲೆ 65 ಪೌಂಡ್. ಆಮೇಲೆ ಆರ್ಡರ್ ತಡಕೊಳ್ಳೋಕೆ ಆಗಲಿಲ್ಲ. ದೊಡ್ಡ ಕಾರ್ಖಾನೆಗಳ ಹತ್ರ ಹೋಗಿ 'ನೀವು ಮಾಡಿಕೊಡಿ' ಅಂತ ಕೇಳಿದ, ಅವರು ಒಪ್ಪಲಿಲ್ಲ. ಗಿರಾಕಿಗಳ ಮುಂಗಡ ಹಣ, ಅಪ್ಪನ ಸಾಲ, ಎರಡೂ ಸೇರಿಸಿ ತಾನೇ ಶೆಡ್ ಕಟ್ಟಿದ. 1912ರಲ್ಲಿ ಲಿಮಿಟೆಡ್ ಕಂಪನಿಯಾದಾಗ ಮೊದಲ ಅಧ್ಯಕ್ಷ ಯಾರು ಗೊತ್ತಾ? ಪಾದ್ರಿ ಅಪ್ಪ.

ಒಂದು ಸಣ್ಣ ವಿಷಯ, ನೆನಪಿಟ್ಟುಕೊಳ್ಳಿ, ಮುಂದೆ ಬೇಕು. 1910ರ ಪೇಟೆಂಟ್ ಅರ್ಜಿಗೆ ನಕ್ಷೆ ಬರೆದುಕೊಟ್ಟವನು ಒಬ್ಬ ಎಳೆ ಹುಡುಗ. ಹೆಸರು ಜಾನ್ ಬ್ಲ್ಯಾಕ್.

ಭಾಗ 4

ಈ ಗಾಡಿ ಮಾರಾಟವಾಗಿದ್ದು ಜಾಹೀರಾತಿನಿಂದಲ್ಲ, ಗೆಲುವಿನಿಂದ. ಬೆಟ್ಟ ಹತ್ತೋ ಸ್ಪರ್ಧೆ, ರಾತ್ರಿಯೆಲ್ಲಾ ಓಡಿಸೋ ಟ್ರಯಲ್, ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕು. ಓಡಿಸ್ತಿದ್ದದ್ದು ಎಚ್.ಎಫ್.ಎಸ್. ತಾನೇ. ಪಕ್ಕದ ಸೀಟಲ್ಲಿ ಹೆಂಡತಿ ರೂತ್. ತಂಗಿ ಡೊರೊತಿ ಬೇರೆ ಗಾಡೀಲಿ ಸ್ಪರ್ಧೆಗಿಳಿದು ಬಹುಮಾನ ತರ್ತಿದ್ಲು. ಇಂಗ್ಲೆಂಡಿನ ಹೆಣ್ಣುಮಕ್ಕಳಿಗೆ ಇನ್ನೂ ಮತದಾನದ ಹಕ್ಕೇ ಇರಲಿಲ್ಲ ಆಗ. 1913ರಲ್ಲಿ ಫ್ರಾನ್ಸಿನ ಅಮಿಯಾಂನಲ್ಲಿ ನಡೆದ ಸೈಕಲ್‌ಕಾರ್ ಗ್ರ್ಯಾನ್ ಪ್ರೀಯಲ್ಲಿ ಮೆಕ್‌ಮಿನ್ನೀಸ್ ಅನ್ನೋರು ಮಾರ್ಗನ್ ಓಡಿಸಿ ಎಲ್ಲರಿಗಿಂತ ಮೊದಲು ಬಂದ್ರು. ಆ ಗೆಲುವಿನ ನೆನಪಿಗೆ ಒಂದು ಮಾಡೆಲ್ಲಿಗೇ 'ಗ್ರ್ಯಾಂಡ್ ಪ್ರಿಕ್ಸ್' ಅಂತ ಹೆಸರಿಟ್ರು.

ಮೊದಲ ಮಹಾಯುದ್ಧದ ಹೆಸರಾಂತ ಪೈಲಟ್ ಆಲ್ಬರ್ಟ್ ಬಾಲ್ ಅಂಥದೊಂದು ಮಾರ್ಗನ್ ಮಾಡಿಸಿಕೊಂಡಿದ್ದ. ನೆಲದ ಮೇಲೆ ಹಾರಾಟಕ್ಕೆ ಹತ್ತಿರದ್ದು ಅಂದ್ರೆ ಇದೇ ಅಂತ ಅವನ ಅಭಿಪ್ರಾಯ. 1917ರ ಮೇ ತಿಂಗಳಲ್ಲಿ ಫ್ರಾನ್ಸಿನಲ್ಲಿ ವಿಮಾನ ಬಿದ್ದು ಸತ್ತ. ವಯಸ್ಸು ಇಪ್ಪತ್ತು. ನಮ್ಮಲ್ಲಿ ಕೆಲವರು ಈಗಿರೋ ವಯಸ್ಸು.

ಯುದ್ಧ ಮುಗಿದ ಮೇಲೆ ಒಳ್ಳೆ ದಿನಗಳು. ಕಾರಣ ತೆರಿಗೆ. ಬ್ರಿಟನ್ನಿನಲ್ಲಿ ಕಾರಿಗೆ ಒಂದು ಕುದುರೆ ಶಕ್ತಿಗೆ ಒಂದು ಪೌಂಡಿನ ಹಾಗೆ ವರ್ಷದ ತೆರಿಗೆ. ಹಗುರವಾದ ಮೂರು ಚಕ್ರದ ಗಾಡಿಗೆ ಬೈಕಿನ ಲೆಕ್ಕ, ಬರೀ 4 ಪೌಂಡ್. ಬಡ ಗುಮಾಸ್ತ, ಶಾಲೆ ಮೇಷ್ಟ್ರು, ಹೊಸದಾಗಿ ಮದುವೆಯಾದವರು, ಎಲ್ಲರಿಗೂ ಕೈಗೆಟುಕೋ ವೇಗ. 1930ರಲ್ಲಿ ಗ್ವೆಂಡಾ ಹಾಕ್ಸ್ ಅನ್ನೋ ಹೆಣ್ಣುಮಗಳು ಪ್ಯಾರಿಸ್ ಹತ್ತಿರದ ಮಾಂಟ್ಲೇರಿ ಟ್ರ್ಯಾಕಿನಲ್ಲಿ ಈ ಮೂರು ಚಕ್ರದ ಗಾಡಿಯನ್ನ ಗಂಟೆಗೆ 110 ಮೈಲಿಗೂ ಮಿಗಿಲಾದ ವೇಗದಲ್ಲಿ ಓಡಿಸಿದ್ಲು. ಕಿಲೋಮೀಟರ್ ಲೆಕ್ಕದಲ್ಲಿ 177ಕ್ಕೂ ಮೇಲೆ. ಚೈನಿನ ಗಾಡಿ, ಹಿಂದೆ ಒಂದೇ ಚಕ್ರ!

ಒಳಗೊಳಗೇ ಅಡಿಪಾಯ ಅಲ್ಲಾಡ್ತಿತ್ತು. 1922ರಲ್ಲಿ ಬಂದ ಆಸ್ಟಿನ್ ಸೆವೆನ್ ನಾಲ್ಕು ಚಕ್ರದ ಸಣ್ಣ ಕಾರನ್ನೇ ಅಗ್ಗಕ್ಕೆ ಕೊಡೋಕೆ ಶುರು ಮಾಡ್ತು. 1935ರಲ್ಲಿ ಸರ್ಕಾರ ಕಾರಿನ ತೆರಿಗೆಯನ್ನೂ ಇಳಿಸ್ತು. ಮೂರು ಚಕ್ರಕ್ಕಿದ್ದ ಲಾಭ ಕರಗಿ ಹೋಯ್ತು. ಎಚ್.ಎಫ್.ಎಸ್.ಗೆ ಆಗ ಐವತ್ತು ದಾಟಿತ್ತು. ಇಪ್ಪತ್ತೈದು ವರ್ಷ ಕಟ್ಟಿ ಬೆಳೆಸಿದ್ದನ್ನ ಪಕ್ಕಕ್ಕಿಟ್ಟು ಹೊಸದು ಮಾಡಬೇಕು, ಇಲ್ಲವೇ ಬಾಗಿಲು ಹಾಕಬೇಕು.

ಭಾಗ 5

ಹೊಸದೇ ಮಾಡಿದ. ಹೆಸರಲ್ಲಿ ಏನೂ ಕವಿತೆ ಇಲ್ಲ: 4/4. ನಾಲ್ಕು ಸಿಲಿಂಡರು, ನಾಲ್ಕು ಚಕ್ರ. 1936ರಲ್ಲಿ ಮಾರುಕಟ್ಟೆಗೆ. ಅಡಿಯಲ್ಲಿ ಉಕ್ಕಿನ ಚಾಸಿ, ಕವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿಯ 1122 ಸಿಸಿ ಎಂಜಿನ್, ಮುಂದೆ ಅದೇ ಹಳೇ ಜಾರುಗಂಬಿ.

ಇಲ್ಲೊಂದು ತಪ್ಪು ತಿಳಿವಳಿಕೆ ಸರಿ ಮಾಡಿಬಿಡೋಣ. 'ಮಾರ್ಗನ್ ಕಾರಿನ ಚಾಸಿ ಮರದ್ದಂತೆ' ಅಂತ ಇಂಟರ್ನೆಟ್ ತುಂಬಾ ಓಡಾಡುತ್ತೆ. ಅಲ್ಲ. ಚಾಸಿ ಲೋಹದ್ದೇ. ಅದರ ಮೇಲೆ ನಿಲ್ಲೋ ಬಾಡಿಯ ಹಂದರ ಮರದ್ದು, ಆ್ಯಶ್ ಅನ್ನೋ ಮರ. ಹಂದರಕ್ಕೆ ಮೇಲಿಂದ ತಗಡು ಹೊದಿಸ್ತಾರೆ. ನಮ್ಮಲ್ಲಿ ಲಾರಿ ಬಾಡಿ ಕಟ್ಟೋ ಶೆಡ್ಡು ನೋಡಿದ್ದೀರಲ್ಲ, ಚಾಸಿ ಒಂದು ಕಡೆಯಿಂದ ಬರುತ್ತೆ, ಮೇಲಿನ ಬಡಗಿ ಕೆಲಸ ಇಲ್ಲಾಗುತ್ತೆ, ಲೆಕ್ಕ ಹಾಗೇ. ಆ್ಯಶ್ ಮರ ಹಗುರ, ಗಟ್ಟಿ, ಪೆಟ್ಟು ಬಿದ್ರೆ ಬಾಗುತ್ತೆ, ಸುಲಭಕ್ಕೆ ಸೀಳಲ್ಲ. ಕ್ರಿಕೆಟ್ ಸ್ಟಂಪಿಗೂ ಅದನ್ನೇ ಬಳಸೋದು. ಹಿಂದಿನ ಚಕ್ರದ ಮೇಲಿನ ಕಮಾನು ಹೇಗೆ ಮಾಡ್ತಾರೆ ಅಂತ ಐದನೇ ಫೋಟೋದಲ್ಲಿದೆ. ತೆಳ್ಳನೆಯ ಮೂರು ಪಟ್ಟಿಗಳಿಗೆ ಅಂಟು ಹಚ್ಚಿ, ಒಂದರ ಮೇಲೊಂದು ಇಟ್ಟು, ಅಚ್ಚಿನಲ್ಲಿ ಬಗ್ಗಿಸಿ ಬಿಗಿದು ಬಿಡ್ತಾರೆ. ಒಣಗಿದ ಮೇಲೆ ಆ ಬಾಗು ಶಾಶ್ವತ. ಈ ಕೆಲಸ ಕಲಿಯೋಕೆ ವರ್ಷಗಟ್ಟಲೆ ಬೇಕು. ಮಾಲ್ವರ್ನ್‌ನಲ್ಲಿ ಅಪ್ಪ ಮಾಡಿದ ಬೆಂಚಿನಲ್ಲೇ ಮಗ ಕೆಲಸಕ್ಕೆ ಸೇರಿದ ಮನೆಗಳುಂಟು. ತಲೆಮಾರಿನ ಮಾತು ಬಂದಾಗ ಬರೀ ಮಾಲೀಕರ ಮನೆಯನ್ನ ಎಣಿಸೋದು ಅನ್ಯಾಯ, ಅದಕ್ಕೇ ಇದನ್ನ ಸೇರಿಸಿದೆ.

1938ರಲ್ಲಿ ಪ್ರೂಡೆನ್ಸ್ ಫಾಸೆಟ್ ಅನ್ನೋ ಯುವತಿ 4/4 ತಗೊಂಡು ಲೆ ಮಾನ್‌ನ 24 ಗಂಟೆ ರೇಸಿಗೆ ಹೋಗಿ, ಕೊನೇವರೆಗೂ ಓಡಿಸಿ, 13ನೇ ಸ್ಥಾನ ಪಡೆದಳು. ಆಮೇಲೆ ಯುದ್ಧ ಬಂತು, ಕಾರ್ಖಾನೆ ಯುದ್ಧದ ಕೆಲಸಕ್ಕೆ ಹೋಯ್ತು.

ಭಾಗ 6

1947ರಲ್ಲಿ ಸೈನ್ಯದಿಂದ ಬಂದ ಮಗ ಪೀಟರ್ ಕಂಪನಿಗೆ ಸೇರಿದ. ಎಚ್.ಎಫ್.ಎಸ್.ಗೆ ನಾಲ್ಕು ಹೆಣ್ಣು, ಒಬ್ಬನೇ ಗಂಡು, ಇವನೇ. ಯುದ್ಧದ ನಂತರ ಉಕ್ಕಿಗೆ ಬರ, ವಿದೇಶಕ್ಕೆ ಮಾರಿದವರಿಗೆ ಮಾತ್ರ ಉಕ್ಕು. ಮೂರು ಚಕ್ರದ ಗಾಡಿಯನ್ನ 1950ರ ದಶಕದ ಶುರುವಿನಲ್ಲಿ ನಿಲ್ಲಿಸಿಯೇ ಬಿಟ್ರು.

ಈಗ ಆ ನಕ್ಷೆ ಬರೆದ ಹುಡುಗನನ್ನ ನೆನಪು ಮಾಡ್ಕೊಳ್ಳಿ. ಜಾನ್ ಬ್ಲ್ಯಾಕ್ ಅಷ್ಟು ಹೊತ್ತಿಗೆ ಸರ್ ಜಾನ್ ಬ್ಲ್ಯಾಕ್, ಕವೆಂಟ್ರಿಯ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯ ಮುಖ್ಯಸ್ಥ. ಮಾರ್ಗನ್‌ಗೆ ಎಂಜಿನ್ ಕೊಡ್ತಿದ್ದದ್ದೂ ಅದೇ ಕಂಪನಿ. 1950ರಲ್ಲಿ ಬಂದ ಪ್ಲಸ್ 4 ಅನ್ನೋ ಮಾಡೆಲ್ಲಿಗೆ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್‌ನ 2088 ಸಿಸಿ ಎಂಜಿನ್. ಬ್ಲ್ಯಾಕ್‌ಗೆ ಒಂದು ಸ್ಪೋರ್ಟ್ಸ್ ಕಾರ್ ಬೇಕಿತ್ತು, ಮಾರ್ಗನ್ ಕಂಪನಿಯನ್ನೇ ಕೊಂಡುಬಿಡೋಣ ಅಂತ ಕೇಳಿದ. ಅಪ್ಪ-ಮಗ ಇಬ್ಬರೂ ಬೇಡ ಅಂದ್ರು. ಎಂಜಿನ್ ಯಾರ ಕೈಯಿಂದ ಬರುತ್ತೋ ಅವರಿಗೇ 'ಇಲ್ಲ' ಅನ್ನೋದು ಸಣ್ಣ ಧೈರ್ಯವಲ್ಲ. ಅವನು ಎಂಜಿನ್ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಬದಲಿಗೆ ತನ್ನದೇ ಟ್ರಯಂಫ್ ಟಿಆರ್2 ಅನ್ನೋ ಕಾರು ತಂದ. ಅದರ ಎಂಜಿನ್ನನ್ನೇ ಮಾರ್ಗನ್‌ಗೂ ಮಾರಿದ!

(ಅಂದಹಾಗೆ, ಸ್ಟ್ಯಾಂಡರ್ಡ್ ಅನ್ನೋ ಹೆಸರು ನಮ್ಮ ತಾತಂದಿರಿಗೆ ಹೊಸದಲ್ಲ. ಅದೇ ಕಂಪನಿಯ ಜೊತೆ ಸೇರಿ ಮದ್ರಾಸಿನಲ್ಲಿ ತಯಾರಾಗ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್, ಬೆಂಗಳೂರು-ಮೈಸೂರು ರಸ್ತೆಗಳಲ್ಲಿ ಒಂದು ಕಾಲಕ್ಕೆ ಓಡಾಡಿದ ಕಾರು. ಮನೇಲಿ ಹಳೇ ಆಲ್ಬಂ ಇದ್ರೆ ಹುಡುಕಿ.)

ಎಚ್.ಎಫ್.ಎಸ್. 1959ರಲ್ಲಿ ತೀರಿಕೊಂಡ. ಪೀಟರ್ ಕೈಗೆ ಕಂಪನಿ ಬಂತು. 1962ರಲ್ಲಿ ಅವನ ಕಾಲದ ದೊಡ್ಡ ಗೆಲುವು. ಹಿಂದಿನ ವರ್ಷ ಲೆ ಮಾನ್‌ನವರು ಇದು ಹಳೇ ಕಾಲದ ಕಾರು ಅಂತ ವಾಪಸ್ ಕಳಿಸಿದ್ರು. 1962ರಲ್ಲಿ ಕ್ರಿಸ್ ಲಾರೆನ್ಸ್ ಮತ್ತು ರಿಚರ್ಡ್ ಶೆಪರ್ಡ್-ಬ್ಯಾರನ್ ಮತ್ತೆ ಹೋದ್ರು, ಕಾರಿನ ನಂಬರು ಟಿಓಕೆ 258. ಇಂಗ್ಲೆಂಡಿನಿಂದ ಅಲ್ಲಿಗೆ ಓಡಿಸ್ಕೊಂಡೇ ಹೋಗಿ, 24 ಗಂಟೆ ರೇಸ್ ಓಡಿಸಿ, ಗಂಟೆಗೆ ಸರಾಸರಿ ಸುಮಾರು 94 ಮೈಲಿ ವೇಗದಲ್ಲಿ 2 ಲೀಟರ್ ವರ್ಗ ಗೆದ್ದು, ಓಡಿಸ್ಕೊಂಡೇ ಮನೆಗೆ ಬಂದ್ರು.

ಈ ಗೆಲುವಿನ ಹಿಂದೆಯೇ ಒಂದು ಸೋಲು. ಕಾಲಕ್ಕೆ ತಕ್ಕ ಹಾಗೆ ಇರೋಣ ಅಂತ ಪೀಟರ್ ಫೈಬರ್‌ಗ್ಲಾಸ್ ಬಾಡಿಯ, ನುಣ್ಣನೆ ಆಕಾರದ ಪ್ಲಸ್ 4 ಪ್ಲಸ್ ಅನ್ನೋ ಕಾರು ಮಾಡಿಸಿದ. ಹೊಸ ಗಿರಾಕಿಗಳು ಬರಲಿಲ್ಲ, ಹಳಬರು ಮುಖ ಸಿಂಡರಿಸಿದ್ರು. ತಯಾರಾದದ್ದು ಒಟ್ಟು 26. ನನ್ನ ಪ್ರಕಾರ ಮಾರ್ಗನ್ ಮುಂದೆ ದಶಕಗಟ್ಟಲೆ ರೂಪ ಬದಲಾಯಿಸದೇ ಇದ್ದದ್ದಕ್ಕೆ ಹಟಕ್ಕಿಂತ ಈ 26ರ ನೆನಪೇ ದೊಡ್ಡ ಕಾರಣ.

ಆಮೇಲೆ ರೋವರ್ ಕಂಪನಿಯವರು 1966ರಲ್ಲಿ ಕೊಳ್ಳೋಕೆ ಬಂದ್ರು. ಪೀಟರ್ ಮತ್ತೆ ಬೇಡ ಅಂದ. ಆದ್ರೆ ಆ ಮಾತುಕತೆಯಲ್ಲಿ ಅವರ ಹಗುರವಾದ 3.5 ಲೀಟರ್ ವಿ8 ಎಂಜಿನ್ ವಿಷಯ ಕಿವಿಗೆ ಬಿತ್ತು. ಕಂಪನಿ ಕೊಡಲಿಲ್ಲ, ಎಂಜಿನ್ ತಗೊಂಡ. 1968ರ ಪ್ಲಸ್ 8 ಹುಟ್ಟಿದ್ದು ಹಾಗೆ, 2004ರವರೆಗೂ ನಡೀತು.

ಭಾಗ 7

1990. ಬಿಬಿಸಿಯಲ್ಲಿ 'ಟ್ರಬಲ್‌ಶೂಟರ್' ಅಂತ ಕಾರ್ಯಕ್ರಮ. ಐಸಿಐ ಅನ್ನೋ ದೈತ್ಯ ಕಂಪನಿಯ ಮಾಜಿ ಅಧ್ಯಕ್ಷ ಸರ್ ಜಾನ್ ಹಾರ್ವೆ-ಜೋನ್ಸ್ ಕಷ್ಟದಲ್ಲಿರೋ ಕಂಪನಿಗಳಿಗೆ ಹೋಗಿ ಬುದ್ಧಿ ಹೇಳೋದು. ಮಾಲ್ವರ್ನ್‌ಗೂ ಬಂದ್ರು. ನೋಡಿದ್ದೇನು? ಅರ್ಧ ಕಟ್ಟಿದ ಕಾರುಗಳನ್ನ ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಕೈಯಲ್ಲಿ ತಳ್ಕೊಂಡು ಹೋಗ್ತಿದ್ದಾರೆ. ಕೂರದ ಬಿಡಿಭಾಗವನ್ನ ಅರ ಹಿಡಿದು ಉಜ್ಜಿ ಕೂರಿಸ್ತಿದ್ದಾರೆ. ವಾರಕ್ಕೆ ಹತ್ತರ ಆಸುಪಾಸು ಕಾರು. ಹೊರಗೆ ಗಿರಾಕಿಗಳ ಸಾಲು, ಹಲವು ವರ್ಷ ಕಾಯಬೇಕು.

ಅವರ ಸಲಹೆ: ಬೆಲೆ ಏರಿಸಿ, ಉತ್ಪಾದನೆ ದುಪ್ಪಟ್ಟು ಮಾಡಿ, ಇಲ್ಲದಿದ್ರೆ ಮುಳುಗ್ತೀರಿ. ಪೀಟರ್‌ಗೆ ಎಪ್ಪತ್ತು ದಾಟಿತ್ತು. ಪಕ್ಕದಲ್ಲಿ ಮಗ ಚಾರ್ಲ್ಸ್, ಅಲ್ಲಿವರೆಗೆ ಟಿವಿ ಸುದ್ದಿಯ ಕ್ಯಾಮೆರಾಮನ್ ಆಗಿದ್ದು 1985ರಲ್ಲಿ ಕಂಪನಿಗೆ ಬಂದವನು. ಇಬ್ಬರೂ ಇಡೀ ದೇಶದ ಎದುರು ಸಲಹೆಯನ್ನ ತಳ್ಳಿಹಾಕಿದ್ರು. ಕಾರ್ಯಕ್ರಮ ಪ್ರಸಾರವಾದ ಮೇಲೆ ಆರ್ಡರ್ ಕಡಿಮೆಯಾಗೋ ಬದಲು ಜಾಸ್ತಿಯಾಯ್ತು.

ಬಿಸಿನೆಸ್ ಪಾಠದಲ್ಲಿ ಇದನ್ನ 'ಸಣ್ಣವರು ದೊಡ್ಡವರಿಗೆ ಪಾಠ ಕಲಿಸಿದ್ರು' ಅಂತ ಹೇಳ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಹಾರ್ವೆ-ಜೋನ್ಸ್ ಕಾಯುವ ಸಾಲನ್ನ ಕಾಯಿಲೆ ಅಂದುಕೊಂಡ್ರು, ಅದು ಮಾರ್ಗನ್‌ನವರಿಗೆ ಇನ್ಶೂರೆನ್ಸ್ ಇದ್ದ ಹಾಗೆ. ಮಾರುಕಟ್ಟೆ ಕುಸಿದ ವರ್ಷವೂ ಮಾಡೋಕೆ ಕೆಲಸ ಇರ್ತಿತ್ತು, ಯಾರನ್ನೂ ಮನೆಗೆ ಕಳಿಸಬೇಕಿರಲಿಲ್ಲ. ಅಲ್ಲಿ ಅವರ ಲೆಕ್ಕ ತಪ್ಪು. ಆದ್ರೆ ಕಾರ್ಖಾನೆ ಒಳಗಿನ ಅವ್ಯವಸ್ಥೆ ಬಗ್ಗೆ ಹೇಳಿದ್ದು ಸುಳ್ಳಲ್ಲ. ಚಾರ್ಲ್ಸ್ ಆ ದಶಕದಲ್ಲೇ ಶೆಡ್ಡುಗಳ ಜೋಡಣೆ ಬದಲಾಯಿಸಿದ, ಮಡ್‌ಗಾರ್ಡನ್ನ ಕೈಯಲ್ಲಿ ಬಡಿಯೋ ಬದಲು ಯಂತ್ರದಲ್ಲಿ ಅಚ್ಚು ಮಾಡಿಸಿದ, ಉತ್ಪಾದನೆ ನಿಧಾನಕ್ಕೆ ಏರಿಸಿದ. ಟಿವಿಯಲ್ಲಿ ಬೇಡ ಅಂದದ್ದನ್ನ ಸದ್ದಿಲ್ಲದೆ ಸ್ವಲ್ಪ ಸ್ವಲ್ಪ ಮಾಡಿದ.

ಭಾಗ 8 (ಕೊನೆಯದು)

2000ದಲ್ಲಿ ಚಾರ್ಲ್ಸ್ ಏರೋ 8 ತಂದ. ಅಲ್ಯೂಮಿನಿಯಂ ಹಾಳೆಗಳನ್ನ ಅಂಟಿಸಿ ಮಾಡಿದ ಚಾಸಿ, ಬಿಎಂಡಬ್ಲ್ಯು ವಿ8 ಎಂಜಿನ್, ಮೇಲೆ ಮಾತ್ರ ಅದೇ ಆ್ಯಶ್ ಮರ. ಲೈಟುಗಳು ಮೆಳ್ಳೆಗಣ್ಣಿನ ಹಾಗೆ ಇವೆ ಅಂತ ಎಲ್ಲರೂ ಆಡಿಕೊಂಡ್ರು (ಫೋಟೋ ನೋಡಿ, ಆಡಿಕೊಂಡದ್ದರಲ್ಲಿ ತಪ್ಪಿಲ್ಲ), ಆಮೇಲೆ ಸರಿ ಮಾಡಿದ್ರು. ಪೀಟರ್ 2003ರಲ್ಲಿ ತೀರಿಕೊಂಡ. 2011ರಲ್ಲಿ ತಾತನ ಮೂರು ಚಕ್ರದ ಗಾಡಿ ಹೊಸ ಎಂಜಿನ್ನಿನೊಂದಿಗೆ ವಾಪಸ್ ಬಂತು, ಸಖತ್ ಓಡ್ತು.

ಎರಡೇ ವರ್ಷಕ್ಕೆ ಮನೆ ಒಡೀತು. 2013ರ ಶುರುವಿನಲ್ಲಿ ಚಾರ್ಲ್ಸ್‌ನನ್ನ ವ್ಯವಸ್ಥಾಪಕ ನಿರ್ದೇಶಕನ ಸ್ಥಾನದಿಂದ ಇಳಿಸಿದ್ರು, ಅದೇ ವರ್ಷ ನಿರ್ದೇಶಕ ಮಂಡಳಿಯಿಂದಲೂ ತೆಗೆದ್ರು. ಷೇರುಗಳಿದ್ದದ್ದು ಮನೆತನದವರ ಕೈಯಲ್ಲೇ. ಹೊರಗಿನ ಬ್ಲ್ಯಾಕ್‌ಗೆ, ರೋವರ್‌ಗೆ, ಹಾರ್ವೆ-ಜೋನ್ಸ್‌ಗೆ ಒಂದೇ ದನಿಯಲ್ಲಿ 'ಇಲ್ಲ' ಅಂದ ಮನೆಗೆ ಒಳಗೇ ದನಿ ಒಂದಾಗಲಿಲ್ಲ. ಒಬ್ಬ ಗಂಡುಮಗನಿಗೆ ಎಲ್ಲವೂ ಹೋಗೋ ಕಾಲದಲ್ಲಿ ತೀರ್ಮಾನ ಒಬ್ಬನದೇ. ತಲೆಮಾರು ಕಳೆದು ಷೇರು ಹಂಚಿಹೋದಾಗ ಹಾಗಿರಲ್ಲ. ನಮ್ಮೂರಲ್ಲೂ ಜಮೀನು, ಅಂಗಡಿ ಪಾಲಾದ ಮನೆಗಳನ್ನ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

2019ರಲ್ಲಿ ಇನ್ವೆಸ್ಟ್‌ಇಂಡಸ್ಟ್ರಿಯಲ್ ಅನ್ನೋ ಯುರೋಪಿನ ಹೂಡಿಕೆ ಸಂಸ್ಥೆ ಹೆಚ್ಚಿನ ಪಾಲು ಕೊಂಡುಕೊಳ್ತು. ಮನೆಯವರು ಸಣ್ಣ ಪಾಲು ಉಳಿಸಿಕೊಂಡ್ರು. ಮರುವರ್ಷ, 1936ರಿಂದ ಬಂದ ಆ ಉಕ್ಕಿನ ಚಾಸಿಯ ತಯಾರಿ ನಿಂತಿತು. ಈಗಿನದೆಲ್ಲ ಅಲ್ಯೂಮಿನಿಯಂ. ಜಾರುಗಂಬಿಯೂ ಅದರ ಜೊತೆಗೇ ಹೋಯ್ತು.

ಉಳಿದದ್ದು ಏನು ಅಂದ್ರೆ ಪಿಕರ್ಸ್‌ಲೀ ರಸ್ತೆಯ ಕೆಂಪು ಇಟ್ಟಿಗೆಯ ಆ ಶೆಡ್ಡುಗಳು, ಒಳಗೆ ಮರದ ಪುಡಿಯ ವಾಸನೆ, ಮೂರು ಪಟ್ಟಿ ಅಂಟಿಸಿ ಬಗ್ಗಿಸೋ ಅಚ್ಚು. ಮತ್ತೆ ಕಾರು ಕೊಂಡವರ ಮನೆಗಳು. 1945ರಲ್ಲಿ ಶುರುವಾದ ಮಾರ್ಗನ್ ಥ್ರೀ-ವ್ಹೀಲರ್ ಕ್ಲಬ್ ಇವತ್ತೂ ಇದೆ. ಅಜ್ಜ ಬಿಟ್ಟುಹೋದ ಗಾಡೀನ ಮೊಮ್ಮಗಳು ಬಿಚ್ಚಿ ಜೋಡಿಸಿ ಬೆಟ್ಟ ಹತ್ತಿಸೋದು ಅಲ್ಲಿ ದೊಡ್ಡ ಸುದ್ದಿಯೇ ಅಲ್ಲ. ಕೊನೇ ಫೋಟೋ ಮಾಲ್ವರ್ನ್ ಬೆಟ್ಟದ ಕೆಳಗೆ ನಿಂತ ಮೂರು ಚಕ್ರದ ಹಳೇ ಗಾಡಿ. ಅದಕ್ಕೆ ರಿವರ್ಸ್ ಗೇರ್ ಇಲ್ಲ, ಪಾರ್ಕ್ ಮಾಡೋವಾಗ ಇಬ್ಬರು ಇಳಿದು ತಳ್ತಿದ್ದಾರೆ.

ಮುಂದಿನ ಸರಣಿಗೆ ಎರಡು ವಿಷಯ ಇವೆ, ಮೈಸೂರಿನ ಐಡಿಯಲ್ ಜಾವಾ, ಇಲ್ಲ ಮದ್ರಾಸಿನ ಸ್ಟ್ಯಾಂಡರ್ಡ್. ಯಾವುದು ಮೊದಲು ಅಂತ ಸ್ಟೋರಿಯಲ್ಲಿ ವೋಟ್ ಹಾಕಿ.

#ಇತಿಹಾಸ #ಹಳೇಕಾರು #ಮಾರ್ಗನ್ #ಕನ್ನಡದಲ್ಲಿಓದಿ